ಮಡಿ ತಟ್ಟೆ

ಮಾನ್ವಿ
೧೨ ನವೆಂಬರ್ ೧೯೮೩

ವಾರಿಜಾ,

ಬೆರಳು ಸವೆದುಹೋಗಿವೆಯೇನೇ ನಿನಗೆ? ಇಲ್ಲ, ರಾಯಚೂರಿನ ಪೋಸ್ಟಿನವರು ಕಾಗದ ಮಾರುವುದನ್ನೇ ಬಿಟ್ಟಿದ್ದಾರೋ? ದೀಪಾವಳಿ ಮುಗಿಯಿತು, ತುಳಸಿ ಲಗ್ನ ಬಾಗಿಲಿಗೆ ಬಂದಿದೆ, ನಿನ್ನಿಂದ ಒಂದು ಗೆರೆಯಿಲ್ಲ. ಮಾಸ್ತರಿಕೆ ಟ್ರೇನಿಂಗ್ ಮುಗಿಸಿದವಳು ನೀನು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಬೋಳು ಮುದುಕಿ ನಾನು. ಕಾಗದ ಬರೆಯುತ್ತಿರುವವಳು ನಾನು! ತಾಯಿಯಿಲ್ಲದ ಹುಡುಗಿ, ದೇವದುರ್ಗದಲ್ಲಿ ಅಪ್ಪನ ಎರಡನೇ ಸಂಸಾರದ ನಡುವೆ ಕೊರಗುವುದು ಬೇಡ, ಕೆಲಸದ ಹುಕುಂ ಬರುವವರೆಗೆ ಸೋದರಮಾವನ ಮನೆಯಲ್ಲಿ ಸುಖವಾಗಿರಲಿ ಎಂದು ಕಳಿಸಿದೆ. ಸುಖ ಹೆಚ್ಚಾಗಿ ನನ್ನನ್ನು ಮರೆತಿದ್ದೀ.

ಇರಲಿ. ನಿನ್ನ ಮಾಮಾ ವಾದಿರಾಜ ಹೋದ ಭಾನುವಾರ ಬಂದಿದ್ದ. ಕೈಯಲ್ಲಿ ಎರಡು ತಟ್ಟೆ. ಟಿ.ವಿ.ಗೆ ಮಷಿನ್ನು ಜೋಡಿಸಿ ಈ ತಟ್ಟೆ ಹಾಕಿದರೆ ಮನೆಯಲ್ಲೇ ಸಿನಿಮಾ ಕಾಣುತ್ತದಂತೆ. ಟಾಕೀಸಿಗೆ ಹೋಗದ ಮಡಿ ಹೆಂಗಸರಿಗೆಂದು ಮಧ್ಯಾಹ್ನದ ಆಟ ಇಡುತ್ತಾನಂತೆ.

"ಅವ್ವಾ, ಎರಡು ನಮೂನಿ ಅವ. ಇದರ ತಟ್ಟಿ ಅದರಾಗ ನಡಿಯೂದಿಲ್ಲ, ಅದರದ್ದು ಇದರಾಗ ನಡಿಯೂದಿಲ್ಲ. ಒಂದು ಸಲ ತಗೊಂಡ್ರ ಮುಗೀತು, ಕಡೀತನಕ ಅದೇ" ಎಂದ.

"ಅಂದ್ರ ಲಗ್ನ ಇದ್ಹಂಗ ಅನ್ನು" ಎಂದೆ.

ಒಂದು ಬೆಳ್ಳಿಯಂತೆ ಹೊಳೆಯುವ ತಟ್ಟೆ. ಇದನ್ನು ಸೂಜಿ ಓದುವುದಿಲ್ಲ, ಬೆಳಕು ಓದುತ್ತದಂತೆ. ರಾಯಚೂರಿನಲ್ಲಿ ಅವನ ಎದುರು ಅಂಗಡಿಯ ನಬೀಸಾಬ ಇದರ ಮಷಿನ್ನನ್ನೇ ತರಿಸಿದ್ದಾನಂತೆ. ಇಣುಕಿದೆ, ಎಷ್ಟೋ ವರ್ಷದ ಮೇಲೆ ನನ್ನ ಬೋಳು ತಲೆ ನನಗೇ ಕಂಡು ಬೆಚ್ಚಿಬಿದ್ದೆ. ಕೈಯಲ್ಲಿ ಹಿಡಿದು, ಎತ್ತಿ, ಮಷಿನ್ನಿನಲ್ಲಿ ಇಡಬೇಕು. ಅಂಗಡಿಯವನೂ ಮುಟ್ಟುತ್ತಾನೆ, ಹಮಾಲನೂ ಮುಟ್ಟುತ್ತಾನೆ, ನಿನ್ನೆ ಬಾಡಿಗೆಗೆ ಒಯ್ದವನೂ ಮುಟ್ಟುತ್ತಾನೆ.

ಇನ್ನೊಂದು ಸೂಜಿಯ ತಟ್ಟೆ. ಗ್ರಾಮೋಫೋನಿನ ತಟ್ಟೆಯ ತಂಗಿ ಎನ್ನು. ಆದರೆ ಕಣ್ಣಿಗೆ ಬೀಳುವುದಿಲ್ಲ. ಚಪ್ಪಟೆ ಡಬ್ಬಿಯೊಳಗೇ ಇರುತ್ತದೆ. ಡಬ್ಬಿ ಸಮೇತ ಮಷಿನ್ನಿನ ಬಾಯಿಗೆ ತುರುಕಿದರೆ ತಟ್ಟೆ ಒಳಗೆ ಉಳಿಯುತ್ತದೆ, ಖಾಲಿ ಡಬ್ಬಿ ಹೊರಗೆ ಬರುತ್ತದೆ. ಆಟ ಮುಗಿದ ಮೇಲೆ ಖಾಲಿ ಡಬ್ಬಿ ತುರುಕಿದರೆ ತಟ್ಟೆ ತಾನಾಗಿ ಬಂದು ಕೂಡುತ್ತದೆ. ಮನುಷ್ಯರ ಕೈ ತಾಕುವ ಮಾತೇ ಇಲ್ಲ.

"ಇದು ಮಡಿ ತಟ್ಟಿ. ಇದನ್ನ ತಗೋ" ಎಂದು ಹೇಳಿ ಕಳಿಸಿದೆ. ರಾಯಚೂರಿನಿಂದ ಇಲ್ಲಿಯ ಮಠಕ್ಕೆ ಬರುವ ಹೆಂಗಸರಿಗೂ ನಾನೇ ಹೇಳುತ್ತೇನೆ. ನನ್ನ ಮಾತು ಮೀರುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ನಿನ್ನ ಅಜ್ಜಿ
ಅಹಲ್ಯಾಬಾಯಿ


ರಾಯಚೂರು
೨೮ ನವೆಂಬರ್ ೧೯೮೩

ಪೂಜ್ಯ ಅಜ್ಜಿಯವರಿಗೆ ವಾರಿಜಾ ಮಾಡುವ ನಮಸ್ಕಾರಗಳು.

ನಿಮ್ಮ ಬೈಗುಳ ತಲುಪಿತು. ಓದಿ ನಗು ಬಂತು. ಮಾಮಿಗೂ ಓದಿ ಹೇಳಿದೆ. ಅವರ ಉಬ್ಬಸ ಚಳಿಗೆ ಹೆಚ್ಚಾಗಿದೆ.

ಮಷಿನ್ನು ಬಂದಿದೆ. ನಡುಮನೆಯಲ್ಲಿ ಟಿ.ವಿ. ಇಟ್ಟು, ಪಡಸಾಲೆಯ ಅಂಗಡಿಯ ಕಡೆಗೆ ಪರದೆ ಕಟ್ಟಿದ್ದಾರೆ. ಮಧ್ಯಾಹ್ನ ಹೆಂಗಸರಿಗೆ, ಸಂಜೆ ಗಂಡಸರಿಗೆ. ಮಾಮಾ "ಕೈ ಮುಟ್ಟದ ತಟ್ಟೆ, ಕುಲವಂತರ ಆಟ" ಎಂದು ದೊಡ್ಡ ಬೋರ್ಡು ಬರೆಸಿದರು. ಮರುದಿನವೇ ನಬೀಸಾಬರು ಅದಕ್ಕಿಂತ ಒಂದು ಮೊಳ ಉದ್ದದ ಬೋರ್ಡು ಹಾಕಿದರು: "ಸೂಜಿಯಿಲ್ಲ, ಸವೆತವಿಲ್ಲ." ಈಗ ಇಬ್ಬರೂ ಆಟೋಗೆ ಮೈಕು ಕಟ್ಟಿ ಒಂದೇ ರಸ್ತೆಯಲ್ಲಿ ಓಡಾಡಿಸುತ್ತಿದ್ದಾರೆ. ನಬೀಸಾಬರ ಮಗಳು ರಜಿಯಾ ಟ್ರೇನಿಂಗಿನಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದವಳು. ಅವಳೊಂದಿಗೆ ಮಾತಾಡಬೇಡ ಎಂದು ಮಾಮಾ ಹೇಳಿದ್ದಾರೆ. ಕಿಟಕಿಯಿಂದ ಕೈ ಬೀಸುತ್ತಾಳೆ.

ತಟ್ಟೆಗಳೆಲ್ಲ ಬಿಳಿಯರವು. ಮಾತು ಒಂದೂ ತಿಳಿಯುವುದಿಲ್ಲವಾದ್ದರಿಂದ ಪಕ್ಕದಲ್ಲಿ ನಿಂತು ಕಥೆ ಹೇಳುತ್ತೇನೆ. ನನಗೂ ಅರ್ಧ ತಿಳಿಯುವುದಿಲ್ಲ, ಉಳಿದರ್ಧ ಕಟ್ಟಿ ಹೇಳುತ್ತೇನೆ. ಹೆಂಗಸರು ಸಂತೋಷವಾಗಿದ್ದಾರೆ.

ಮಾಮಿಗೆ ಮಡಿಯ ತಣ್ಣೀರು ಸ್ನಾನ ಆಗದು. ಹಾಗಾಗಿ ಸದ್ಯಕ್ಕೆ ತಟ್ಟೆ ಹಾಕುವವಳು ನಾನೇ. ಕೆಲಸದ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ನನ್ನ ಸರ್ಟಿಫಿಕೇಟುಗಳನ್ನು ಮಾಮಾ ತಮ್ಮ ಅಲಮಾರಿಯಲ್ಲಿ ಜೋಪಾನವಾಗಿಟ್ಟು ಬೀಗ ಹಾಕಿದ್ದಾರೆ.

ನಿಮ್ಮ
ವಾರಿಜಾ


ಮಾನ್ವಿ
೧೯ ಡಿಸೆಂಬರ್ ೧೯೮೩

ವಾರಿಜಾ,

ಸದ್ಯಕ್ಕೆ ಎಂದರೇನು? ರಾಯಚೂರಿನ ಜಯಾಬಾಯಿ, ಹೆಡ್‌ಮಾಸ್ತರರ ಹೆಂಡತಿಯಾಗಿದ್ದವಳು, ಮೊನ್ನೆ ಮಠಕ್ಕೆ ಬಂದು ನನ್ನನ್ನೇ ಕೇಳಿದಳು. "ಅಹಲ್ಯಾಬಾಯಿ, ತಟ್ಟಿ ಮಡಿ ಅದ, ಖರೆ. ಡಬ್ಬಿ ಯಾರು ಹಿಡೀತಾರ?" ಬುದ್ಧಿವಂತೆ. ಹತ್ತು ಹೆಂಗಸರ ಮುಂದೆ ಕೇಳಿದಳು. ನಾನು ತಡವರಿಸುವವಳೇ?

"ನನ್ನ ಮೊಮ್ಮಗಳು ಹಿಡೀತಾಳ. ತಲಿ ಮ್ಯಾಲ ನೀರು ಹಾಕ್ಕೊಂಡು, ಮಡಿ ಉಟ್ಟು, ಬ್ಯಾರೆ ಯಾರನ್ನೂ ಮುಟ್ಟದಂಗ ಹಿಡೀತಾಳ" ಎಂದೆ. ಎಲ್ಲರೂ ತಲೆದೂಗಿದರು. ಹಾಗಾಗಿ ನೆನಪಿಟ್ಟುಕೋ. ಕೂಲಿಯವಳ ಕೈಯಿಂದ ಹಾಕಿಸಕೂಡದು. ಮನೆಯ ಹೆಣ್ಣುಮಗಳೇ ಹಾಕಬೇಕು. ಮಡಿ ಉಟ್ಟಮೇಲೆ ಆಟ ಮುಗಿಯುವವರೆಗೂ ಅಂಗಡಿಯ ಕಡೆ ಹೋಗಕೂಡದು, ರಸ್ತೆಗೆ ಇಳಿಯಕೂಡದು. ಹೊರಗಾದಾಗ ಮೂರು ದಿನ ಆಟವೇ ಬೇಡ.

ನಿನ್ನ ಮಾಮಾ ಬಂದು ನನ್ನ ಕಾಲಿಗೆ ಬಿದ್ದು ಹೋದ. ನಬೀಸಾಬನ ಅಂಗಡಿಯ ಮುಂದೆ ನಾಯಿ ಮಲಗಿದೆಯಂತೆ, ಇವನಲ್ಲಿ ಕೂಡಲು ಜಾಗವಿಲ್ಲವಂತೆ. ಅವನು ಜೀವನದಲ್ಲಿ ಮೊದಲ ಸಲ ಗೆಲ್ಲುತ್ತಿದ್ದಾನೆ ಕಣೇ. ರೇಡಿಯೋ ಅಂಗಡಿ ಮುಳುಗಿತು, ಹತ್ತಿ ದಲ್ಲಾಳಿತನ ಮುಳುಗಿತು. ಈ ಸಲ ನನ್ನ ಮಾತಿನ ಬಲದ ಮೇಲೆ ನಿಂತಿದ್ದಾನೆ. ಹೆತ್ತವಳಿಗೆ ಇನ್ನೇನು ಬೇಕು?

ಅಜ್ಜಿ


ರಾಯಚೂರು
೩೦ ಜನವರಿ ೧೯೮೪

ಪೂಜ್ಯ ಅಜ್ಜಿಯವರಿಗೆ ನಮಸ್ಕಾರಗಳು.

ತಡವಾಯಿತು. ಬೈಯಬೇಡಿ.

ಒಂದು ಮಾತು ಕೇಳಬೇಕಿತ್ತು. ಡಬ್ಬಿಯನ್ನು ಬೇರೆ ಯಾರಾದರೂ ತುರುಕಿದರೆ ನಿಜವಾಗಿಯೂ ನಡೆಯುವುದಿಲ್ಲವೇ? ಒಳಗಿನ ತಟ್ಟೆಯನ್ನಂತೂ ಯಾರೂ ಮುಟ್ಟುವುದಿಲ್ಲವಲ್ಲ. ಜಯಾಬಾಯಿಯವರ ಸೊಸೆಯೇ ಹಾಕಬಹುದಲ್ಲವೇ? ಸುಮ್ಮನೆ ಕೇಳಿದೆ.

ಮೂರು ದಿನದ ವಿಷಯ. ಮಾಮಾ ಅಂಗಡಿಯ ಬಾಗಿಲಿಗೆ "ಮಹಿಳೆಯರ ಆಟ ಮೂರು ದಿನ ಇಲ್ಲ" ಎಂದು ಹಲಗೆ ತೂಗುಹಾಕುತ್ತಾರೆ. ಚಹಾದ ಅಂಗಡಿಯಲ್ಲಿ ಕೂಡುವವರಿಗೆಲ್ಲ ಅದರ ಅರ್ಥ ಗೊತ್ತು. ಹೋದ ತಿಂಗಳು ಹಲಗೆ ಎರಡು ದಿನ ತಡವಾಗಿ ಬಂದದ್ದಕ್ಕೆ ಅವರೊಳಗೆ ಒಬ್ಬ ಏನೋ ಅಂದನಂತೆ, ಉಳಿದವರು ನಕ್ಕರಂತೆ. ಹಲಗೆ ತೆಗೆದುಹಾಕಿ ಎಂದು ಕೇಳಿದೆ. "ಹೆಂಗಸರು ದೂರದಿಂದ ಬಂದು ತಿರುಗಿ ಹೋದ್ರ ಹೆಂಗ?" ಎಂದರು ಮಾಮಾ. ಅದೂ ಸರಿಯೇ.

ನಾನು ಕ್ಷೇಮ.

ವಾರಿಜಾ


ಮಾನ್ವಿ
೧೪ ಫೆಬ್ರವರಿ ೧೯೮೪

ವಾರಿಜಾ,

ನಿನ್ನ ಮನೆಗೇ ಬಂದು ನಿನ್ನೊಡನೆ ಮಾತಾಡದೆ ತಿರುಗಿ ಬಂದೆನಲ್ಲ, ಅದಕ್ಕೆ ಈ ಕಾಗದ. ಬಸ್ಸಿನಲ್ಲಿ ಬಂದ ಮೈಲಿಗೆಯವಳು ನಾನು, ನೀನು ಆಗಲೇ ಮಡಿ ಉಟ್ಟು ನಿಂತಿದ್ದೆ. ದೂರದಿಂದಲೇ ನಕ್ಕೆ. ನಾನು ನೀರು ಹಾಕಿಕೊಂಡು ಬರುವಷ್ಟರಲ್ಲಿ ಹೆಂಗಸರು ತುಂಬಿದರು. ಆಟ ಮುಗಿದ ಕೂಡಲೇ ವಾದಿರಾಜ ನನ್ನನ್ನು ಬಸ್ಸಿಗೆ ಹತ್ತಿಸಿದ.

ಆಟ ಚೆನ್ನಾಗಿತ್ತು. ಸಮುದ್ರದ ಒಳಗೆ ಅಷ್ಟು ಬಣ್ಣ ಇದೆಯೆಂದು ಯಾರಿಗೆ ಗೊತ್ತಿತ್ತು! ಪಕ್ಕದ ಮುದುಕಿ ಮೀನು ಕಂಡು ಮೂಗು ಮುಚ್ಚಿಕೊಂಡಳು. "ಯಾಕ್ರೀ, ವಾಸನಿ ಬರ್ತದೇನು?" ಎಂದೆ. "ಬರೂದಿಲ್ಲ, ಆದ್ರ ಬಂದ್ರ ಏನ್ ಮಾಡೂದು?" ಎಂದಳು. ಜಯಾಬಾಯಿ "ಅದು ಮತ್ಸ್ಯಾವತಾರ, ಕೈ ಮುಗೀರಿ" ಎಂದದ್ದೇ ಸಾಲಿಗೆ ಸಾಲೇ ಕೈ ಮುಗಿಯಿತು. ನಡುವೆ ಆ ಮೀನು ಒಂದೇ ಕಡೆ ಹಿಂದೆ ಮುಂದೆ ತೊನೆಯತೊಡಗಿ ಮುಂದಕ್ಕೇ ಹೋಗಲಿಲ್ಲ. ನೀನು ಮಷಿನ್ನಿನ ಗುಂಡಿ ಒತ್ತಿ ಸರಿಮಾಡಿದೆ. ಇದು ದಿನವೂ ಹೀಗೆಯೇ ಎಂದು ಯಾರೋ ಹೇಳಿದರು.

ಈಗ ನಿನ್ನ ಪ್ರಶ್ನೆ. ಜಯಾಬಾಯಿಯ ಸೊಸೆ ಹಾಕಲಿ ಎನ್ನುತ್ತೀಯಲ್ಲ, ಸೋಮಾರಿ! ಅವರವರ ಮನೆಯಲ್ಲಿ ಎಂಥ ಮಡಿಯೋ ಯಾರು ಕಂಡರು? ಒಬ್ಬಳಿಗೆ ಬಿಟ್ಟರೆ ನಾಳೆ ಇನ್ನೊಬ್ಬಳು ಕೇಳುತ್ತಾಳೆ. ಹಲಗೆಯ ಮಾತಿಗೆ ನಾಚಿಕೆ ಏಕೆ? ನಮ್ಮ ಕಾಲದಲ್ಲಿ ಹಿತ್ತಿಲ ಬಾಗಿಲಲ್ಲಿ ಕೂತರೆ ಊರಿಗೇ ಗೊತ್ತಾಗುತ್ತಿತ್ತು.

ಬಡಕಲಾಗಿದ್ದೀ. ಹೊತ್ತು ಮೀರಿ ಊಟ ಮಾಡುತ್ತೀಯೆಂದು ಕಾಣುತ್ತದೆ. ಟಿ.ವಿ.ಯ ಮುಂದೆ ಕೂತರೆ ಹಸಿವೂ ಮರೆಯುತ್ತದೆ ಎನ್ನುತ್ತಾರೆ. ನನಗೂ ಆ ದಿನ ಮರೆತಿತ್ತು.

ಅಜ್ಜಿ


ರಾಯಚೂರು
೨೫ ಮಾರ್ಚ್ ೧೯೮೪

ಪೂಜ್ಯ ಅಜ್ಜಿಯವರಿಗೆ,

ಎಲ್ಲರೂ ಕ್ಷೇಮ. ಬಿಸಿಲು ಹೆಚ್ಚು. ಯುಗಾದಿಗೆ ಬರಲಾಗುವುದಿಲ್ಲ, ಆಟವಿದೆ.

ವಾರಿಜಾ


ಮಾನ್ವಿ
೨೫ ಮೇ ೧೯೮೪

ಲೇ ಹುಡುಗಿ,

ನಾಲಿಗೆಯನ್ನು ಯಾವ ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದೀ?

ನಿನ್ನೆ ಬಿಸಿಲಲ್ಲಿ ಒಬ್ಬಳು ಬಂದು ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಕೊಡೆ.

"ನಾನು ರೀ ಅಜ್ಜೀ, ರಾಯಚೂರು ನಬೀಸಾಬರ ಮಗಳು, ರಜಿಯಾ. ಬಾಗಲವಾಡದ ಸಾಲಿಗೆ ಹಾಕ್ಯಾರ. ಖೋಲಿ ಹುಡುಕಾಕ ಹೊಂಟೀನಿ. ಬಸ್ ಬದಲ್ ಮಾಡಾಕ ಇಲ್ಲಿ ಇಳಿದೆ."

ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟೆ. ವೈರಿಯ ಮಗಳಾದರೇನು, ಬಿಸಿಲು ಎಲ್ಲರಿಗೂ ಒಂದೇ. ಕುಡಿದವಳೇ ಕೇಳಿದಳು.

"ವಾರಿಜಾ ಯಾಕ್ರೀ ಇನ್ನೂ ಹಾಜರಾಗಿಲ್ಲ? ಪಟ್ಟಿ ಬಂದು ತಿಂಗಳ ಮ್ಯಾಲಾತು. ಆಕಿ ಹೆಸರು ನನಗಿಂತ ಮ್ಯಾಲ ಅದ. ದೇವದುರ್ಗ ತಾಲೂಕು, ಗೂಗಲ್ ಸಾಲಿ. ಜೂನ್ ಹದಿನೈದರೊಳಗ ಅಸಲಿ ಸರ್ಟಿಫಿಕೇಟ್ ತಗೊಂಡು ದೇವದುರ್ಗದ ಆಫೀಸಿಗೆ ಹೋಗಲಿಲ್ಲಂದ್ರ ಹುಕುಂ ರದ್ದು ರೀ. ಆಮ್ಯಾಲ ಯಾವಾಗೋ, ಏನೋ."

"ಮತ್ತ ಸರ್ಟಿಫಿಕೇಟ್ ಎಲ್ಲಿ ಅವ?" ಎಂದೆ.

"ನಿಮ್ಮ ಮಗ ಕೊಡವಲ್ರಂತ್ರೀ, ಓಣ್ಯಾಗೆಲ್ಲಾ ಅದೇ ಮಾತು. ಆಕಿ ಹೋದ್ರ ಮಡಿ ಆಟ ನಿಲ್ತದಲ್ಲ? ಆಕಿ ಕಿಟಕ್ಯಾಗಿಂದ ನನಗ ಬರೇ ಕೈ ಮಾಡ್ತಾಳ, ಮಾತಾಡೂದಿಲ್ಲ. ಹಿಂಗ" ಎಂದು ಎರಡೂ ಮಣಿಕಟ್ಟು ಜೋಡಿಸಿ ತೋರಿಸಿದಳು.

ಗೂಗಲ್! ನಾನು ಹುಟ್ಟಿದ ಊರಿಗೆ ನಿನ್ನನ್ನು ಹಾಕಿದ್ದಾರೆ, ನನಗೆ ಹೇಳುವವಳು ನಬೀಸಾಬನ ಮಗಳೇ?

ಹೊರಡುವ ಮೊದಲು ಇನ್ನೊಂದು ಮಾತು ಒಗೆದಳು. ಬಾಯಿ ಜೋರಿದೆ, ನನಗೆ ಹಿಡಿಸಿತು. "ಅಜ್ಜೀ, ಸಿಟ್ಟು ಮಾಡಬ್ಯಾಡ್ರಿ. ನಿಮ್ಮ ಸೂಜಿ ಎಲ್ಲಾ ತಟ್ಟಿ ಮ್ಯಾಲೂ ಅಡ್ಡಾಡತದ. ಸಂಜಿ ಗಂಡಸರ ಆಟಕ್ಕ ಹಾಕೋ ಕುಡಿಯೋದು, ಬಡಿದಾಡೋದು, ಅದರ ಮ್ಯಾಲೂ ಅದೇ ಸೂಜಿ. ನಮ್ಮ ಅಬ್ಬಾನ ಮಷಿನ್ನಿನ್ಯಾಗ ತಟ್ಟಿಗಿ ತಾಕೂದು ಬರೇ ಬೆಳಕು. ಬೆಳಕಿಗೆಲ್ಲಿ ಮೈಲಿಗಿ ರೀ?"

ಈ ಎರಡೂ ನಿಜವೇ? ಸುತ್ತುಬಳಸದೆ ಬರಿ. ಈ ಸಲ "ನಾನು ಕ್ಷೇಮ" ಎಂದು ಬರೆದರೆ ಕಾಗದವನ್ನು ಒಲೆಗೆ ಹಾಕುತ್ತೇನೆ.

ಅಜ್ಜಿ


ರಾಯಚೂರು
೩೧ ಮೇ ೧೯೮೪

ಅಜ್ಜಿ,

ಎರಡೂ ನಿಜ.

ಸೂಜಿ ತಟ್ಟೆಯ ಗೆರೆಯೊಳಗೇ ಓಡುತ್ತದೆ. ಒಂದು ತಟ್ಟೆಯ ಧೂಳು ಇನ್ನೊಂದಕ್ಕೆ ಹೋಗುತ್ತದೆ. ಆ ಮೀನು ಅಲ್ಲೇ ನಿಲ್ಲುವುದು ಅದಕ್ಕೇ ಎಂದು ಮಾಮಾ ಹೇಳುತ್ತಾರೆ.

ಹುಕುಂ ಏಪ್ರಿಲ್‌ನಲ್ಲಿ ಅಪ್ಪನ ವಿಳಾಸಕ್ಕೆ ಬಂತು. ಅಪ್ಪ ಇಲ್ಲಿಗೆ ಕಳಿಸಿ, "ಮಾವನನ್ನು ಕೇಳಿ ನಡೆದುಕೋ" ಎಂದು ಬರೆದರು. ಕೇಳಿದೆ. ಮಾಮಾ ಬೈಯಲಿಲ್ಲ, ಹೊಡೆಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. "ನೀ ಹೋದ್ರ ನಾ ಮುಗಿದೆ, ವಾರಿ. ಒಂದು ವರ್ಷ ನಿಲ್ಲು" ಎಂದರು. ಆಮೇಲೆ ಅಲಮಾರಿಯ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಹೊಡೆದಿದ್ದರೆ ಬಾಗಿಲು ದಾಟುತ್ತಿದ್ದೆನೇನೋ. ಅಳುವವರನ್ನು ದಾಟಿ ಹೇಗೆ ಹೋಗುವುದು?

ಬೆಳಿಗ್ಗೆ ತಣ್ಣೀರು ಸುರಿದುಕೊಂಡರೆ ಆಟ ಮುಗಿಯುವವರೆಗೆ ನಾನು ಯಾರನ್ನೂ ಮುಟ್ಟುವಂತಿಲ್ಲ, ಯಾರೂ ನನ್ನನ್ನು ಮುಟ್ಟುವಂತಿಲ್ಲ. ಮಾಮಿಯ ಮಗು ಎತ್ತಿಕೋ ಎಂದು ಕೈ ಚಾಚಿದರೆ ಹಿಂದೆ ಸರಿಯುತ್ತೇನೆ. ಈಗ ಅದು ಕೈ ಚಾಚುವುದನ್ನೇ ಬಿಟ್ಟಿದೆ. ಆಡುವ ತಟ್ಟೆಗಳು ಅವೇ. ಪ್ರತಿ ದಿನ ಅದೇ ಕಥೆ ಕಟ್ಟಿ ಹೇಳುತ್ತೇನೆ. ನಡುವೆ ಒಂದು ಮಾತು ಬದಲಿಸಿದರೂ ಜಯಾಬಾಯಿ "ನಿನ್ನಿ ಹಂಗ ಹೇಳಲಿಲ್ಲ" ಎನ್ನುತ್ತಾರೆ.

ನಿಮಗೇಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಅವರು ನಿಮ್ಮ ಮಗ. ಕಟ್ಟಳೆ ನಿಮ್ಮದು. ಜನವರಿಯಲ್ಲಿ ಕೇಳಿದೆ, ಸೋಮಾರಿ ಎಂದಿರಿ. ಇನ್ನು ಯಾರಿಗೆ ಹೇಳಲಿ?

ವಾರಿಜಾ


ಮಾನ್ವಿ
೯ ಜೂನ್ ೧೯೮೪

ವಾರಿಜಾ,

ನಿನ್ನ ಕಾಗದವನ್ನು ಓದಿ ಮಡಚಿ ಮತ್ತೆ ಓದಿದೆ. ಉತ್ತರ ಬರೆಯದೆ ಸುಮ್ಮನಿದ್ದೆನಲ್ಲ, ಮುದುಕಿ ಮಗನ ಕಡೆಗೇ ವಾಲಿದಳು ಎಂದುಕೊಂಡಿರಬೇಕು. ವಾಲಿದ್ದೆ. ಸುಳ್ಳು ಏಕೆ ಹೇಳಲಿ, ಎರಡು ದಿನ ವಾಲಿದ್ದೆ. ಎಲ್ಲದರಲ್ಲೂ ಮುಳುಗಿದ ಮಗ ಈಗ ತೇಲುತ್ತಿದ್ದಾನೆ. ನಾನು ಬಾಯಿ ತೆರೆದರೆ ಅವನು ಮತ್ತೆ ಮುಳುಗುತ್ತಾನೆ. ತೆರೆಯದಿದ್ದರೆ ನೀನು. ನೂರು ಸಲ ತೂಗಿದರೂ ಸರಿಹೋಗದ ತಕ್ಕಡಿ.

ನಿನ್ನೆ ಮಠದಲ್ಲಿ ಆರಾಧನೆ. ರಾಯಚೂರಿನಿಂದ ಜಯಾಬಾಯಿ ಮೊದಲಾಗಿ ಆಟಕ್ಕೆ ಬರುವವರೆಲ್ಲ ಬಂದಿದ್ದರು. ಎಲೆ ಹಾಕಿದ್ದರು. ವಾದಿರಾಜ ಕಚ್ಚೆ ಕಟ್ಟಿ, ಸಾರಿನ ಬಕೆಟ್ಟು ಹಿಡಿದು ಹೆಂಗಸರ ಸಾಲಿಗೆ ಬಡಿಸುತ್ತಿದ್ದ. ಎಲ್ಲರೂ ಅವನನ್ನು ಮಾತಾಡಿಸುವವರೇ. ಅವನ ಮುಖ ಬೆಳಗುತ್ತಿತ್ತು. ಅವನ ಮುಖ ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ.

"ತುತ್ತು ಎತ್ತೂಕಿಂತ ಮೊದಲ ಒಂದು ಮಾತು ಕೇಳ್ರಿ" ಎಂದೆ. ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. "ವಾದೀ, ಮಧ್ಯಾಹ್ನ ನಮಗ ತೋರಿಸೋ ಸೂಜಿ, ಸಂಜಿ ಗಂಡಸರ ತಟ್ಟಿ ಮ್ಯಾಲ ಅಡ್ಡಾಡತದ ಹೌದೋ ಅಲ್ಲೋ?"

ಬಕೆಟ್ಟು ಹಿಡಿದು ನಿಂತುಬಿಟ್ಟ. ಸೌಟಿನಿಂದ ಸಾರು ಅವನ ಕಾಲ ಮೇಲೇ ಸೋರುತ್ತಿತ್ತು.

"ಅವ್ವಾ, ಒಂದ ಸೂಜಿ ಇರೂದು. ಎರಡು ಎಲ್ಲಿಂದ ತರಲಿ?"

"ಹಂಗಾದ್ರ ಎಲ್ಲಾರ ಎಂಜಲಾ ನೆಕ್ಕಿದ ಸೂಜಿ ಅದು. ಅದು ಮುಟ್ಟಿದ ತಟ್ಟಿ ಮಡಿ ಅಲ್ಲ" ಎಂದೆ.

"ನೀನ ಹೇಳಿದ್ದಿ, ಮಡಿ ಅಂತ!"

"ಹೇಳಿದ್ದೆ. ನಿನ್ನ ಸೂಜಿ ಎಲ್ಲೆಲ್ಲಿ ತಿರುಗಾಡಿ ಬರ್ತದ ಅಂತ ನೀ ಹೇಳಿದ್ದಿಲ್ಲ."

ಜಯಾಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಹಲ್ಯಾಬಾಯಿ, ಇಷ್ಟು ತಿಂಗಳು ನಾವು ಏನ್ ಮಾಡಿದಂಗಾತು?"

"ಮೀನು ನೋಡಿದಂಗಾತು. ಪಂಚಗವ್ಯ ತಗೊಳ್ರಿ, ನಾನೂ ತಗೋತೀನಿ. ಮುಂದ ಯಾರೂ ಹೋಗಬ್ಯಾಡ್ರಿ."

ಅಷ್ಟೇ. ಸೋದರಸೊಸೆಯನ್ನು ಬೀಗದೊಳಗೆ ಇಟ್ಟಿದ್ದಾನೆ ಎಂದು ಊರ ಮುಂದೆ ಅನ್ನಲಿಲ್ಲ. ಅನ್ನಬಹುದಿತ್ತು, ಬಾಯಿಯವರೆಗೂ ಬಂದಿತ್ತು. ಎಲ್ಲವನ್ನೂ ತಟ್ಟೆಯ ಮೇಲೆ ಹಾಕಿದೆ. ಅವನು ಬಕೆಟ್ಟನ್ನು ನೆಲಕ್ಕಿಟ್ಟು, ಉಣ್ಣದೆ ಬಸ್ಸು ಹತ್ತಿದ. ಹೋಗುವಾಗ ನನ್ನ ಕಡೆ ನೋಡಿ "ನಬೀಸಾಬಗ ಆಗದ್ದು ನೀ ಮಾಡಿದಿ, ಅವ್ವಾ" ಎಂದ.

ಈಗ ಆಟವಿಲ್ಲ. ಆಟವಿಲ್ಲದಿದ್ದರೆ ನಿನ್ನನ್ನು ಹಿಡಿದಿಡಲು ಅವನಿಗೆ ನೆಪವಿಲ್ಲ. ಸರ್ಟಿಫಿಕೇಟು ಕೇಳು. ಕೊಡದಿದ್ದರೆ ಹದಿಮೂರಕ್ಕೆ ನಾನೇ ಬರುತ್ತೇನೆ, ಬೆಂಕಿಯ ಹಾಗೆ ಬರುತ್ತೇನೆ. ಆದರೆ ಕೊಡುತ್ತಾನೆ. ಹೆತ್ತಿದ್ದೇನೆ, ಗೊತ್ತು.

ಅಜ್ಜಿ


ಗೂಗಲ್, ದೇವದುರ್ಗ ತಾಲೂಕು
೧ ಜುಲೈ ೧೯೮೪

ಪೂಜ್ಯ ಅಜ್ಜಿಯವರಿಗೆ ನಮಸ್ಕಾರಗಳು.

ಹದಿನಾಲ್ಕಕ್ಕೆ ದೇವದುರ್ಗದ ಆಫೀಸಿನಲ್ಲಿ ಸಹಿ ಹಾಕಿದೆ. ಒಂದನೇ ಇಯತ್ತೆ, ಎರಡನೇ ಇಯತ್ತೆ ಎರಡೂ ನನಗೇ. ಹೊಳೆ ತುಂಬಿ ಹರಿಯುತ್ತಿದೆ. ಮಕ್ಕಳು ಒದ್ದೆ ಕಾಲಲ್ಲೇ ಬಂದು ನನ್ನ ಸೀರೆ ಹಿಡಿದು ಎಳೆಯುತ್ತವೆ. ಮೊದಲ ದಿನ ಬೆಚ್ಚಿ ಹಿಂದೆ ಸರಿದೆ. ಈಗ ಇಲ್ಲ.

ನೀವು ಬರಬೇಕಾಗಲಿಲ್ಲ. ಮಾಮಾ ಮಠದಿಂದ ಬಂದ ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆಯೇ ನೋಡಿದೆ, ನನ್ನ ಸರ್ಟಿಫಿಕೇಟುಗಳು ಮಷಿನ್ನಿನ ಮೇಲಿದ್ದವು. ಮಾಮಾ ನನ್ನ ಟ್ರಂಕನ್ನು ತಾವೇ ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದರು. ಆಟೋ ಮಾಡಲಿಲ್ಲ. ನಬೀಸಾಬರು ಅಂಗಡಿಯಿಂದ ಇಳಿದು ಬಂದು "ವಾದಿರಾಜಪ್ಪಾ, ಒಂದು ಕಡಿ ನಾ ಹಿಡೀತೀನಿ" ಎಂದರು. ಮಾಮಾ ಕೇಳಿಸದವರಂತೆ ನಡೆದರು. ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ ಅಲ್ಲೇ ನಿಂತರು.

ನಾನು ಅವರ ಕಾಲಿಗೆ ನಮಸ್ಕಾರ ಮಾಡಲಿಲ್ಲ. ಮಾಡಲು ಆಗಲಿಲ್ಲ. ಬಸ್ಸು ಹೊರಟಿತು.

ವಾರಿಜಾ


ಮಾನ್ವಿ
೨೦ ಸೆಪ್ಟೆಂಬರ್ ೧೯೮೪

ವಾರಿಜಾ,

ಜುಲೈ ಆದಮೇಲೆ ನಿನ್ನಿಂದ ಬಂದದ್ದು ಎರಡು ಕಾರ್ಡು, ಎರಡರಲ್ಲೂ ಮಳೆಯ ಸುದ್ದಿ. ಮಳೆ ಇಲ್ಲಿಯೂ ಬರುತ್ತದೆ. ನನಗೆ ಗೊತ್ತು.

ಇಲ್ಲಿಯ ಸುದ್ದಿ ಕೇಳು. ನಿನ್ನ ಮಾಮಾ ಅಂಗಡಿ ಖಾಲಿ ಮಾಡಿದ. ಮಾಮಿ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಅವನು ಮಷಿನ್ನು, ಡಬ್ಬಿ ಎಲ್ಲ ಹೊತ್ತು ಇಲ್ಲಿಗೆ ಬಂದ. ಮನೆಯಲ್ಲಿ ಬೇರೆ ಜಾಗವಿಲ್ಲವೆಂದು ಎಲ್ಲವನ್ನೂ ನನ್ನ ಮಡಿ ಕೋಣೆಯಲ್ಲಿ ಇಟ್ಟ. ಇಡಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ನಾನು ಸೀರೆ ಒಣಹಾಕುವ ಗಳದ ಕೆಳಗೆ ಆ ಮಷಿನ್ನು ಕೂತಿದೆ. ಅದರ ಪಕ್ಕದಲ್ಲಿ ಅವನು. ಊಟಕ್ಕೆ ಬಾ ಎಂದರೆ ಬರುತ್ತಾನೆ, ಏಳು ಎಂದರೆ ಏಳುತ್ತಾನೆ. ಮಾತಿಲ್ಲ. ಬೈದೆ, ರಮಿಸಿದೆ, ಉಪವಾಸ ಕೂತೆ. ನನ್ನ ಎಲೆಯ ಮುಂದೆ ನೀರಿನ ತಂಬಿಗೆ ತಂದಿಟ್ಟು ಹೋದ. ಮಾತಿಲ್ಲ.

ಮೊನ್ನೆ ನಬೀಸಾಬ ಬಂದಿದ್ದ. ಕಟ್ಟೆಯ ಮೇಲೆ ಕೂತು ಕಿಟಕಿಯ ಕಡೆಗೆ ಮುಖ ಮಾಡಿ, ಒಳಗಿದ್ದವನಿಗೆ ಕೇಳುವ ಹಾಗೆ ಹೇಳಿದ.

"ವಾದಿರಾಜಪ್ಪಾ, ಸೂಜಿ ಮಷಿನ್ ಮಾಡೋ ಕಂಪನಿಯವರ ಅದನ್ನ ಮಾಡೂದು ಬಿಟ್ಟಾರಂತ. ಮುಂಬೈ ದಲ್ಲಾಳಿ ಹೇಳಿದ. ಅವ್ವ ಅನ್ನದಿದ್ರೂ ಅದು ಹೋಗೋದ ಇತ್ತು. ನಂದೂ ಏನ್ ದೊಡ್ಡದು ಉಳೀಲಿಲ್ಲ. ನಮ್ಮ ಓಣ್ಯಾಗ ಅಯ್ಯಣ್ಣ ಅಂತ ಒಬ್ಬಾಂವ ಹೊಸಾ ಅಂಗಡಿ ತಗದು ವಿಡಿಯೋ ಟೇಪಿನ ಮಷಿನ್ ತಂದಾನ. ಹಿಂದಿ ಸಿನಿಮಾ ಹಾಕ್ತಾನ, ಮ್ಯಾಲ ಮದಿವಿಗೆ ಹೋಗಿ ಮದಿವೀನ ತುಂಬಿಕೊಂಡು ಬರ್ತಾನ! ತಟ್ಟ್ಯಾಗ ನಾವು ಏನರ ತುಂಬಾಕ ಬರ್ತದೇನು? ಅವರು ಕೊಟ್ಟಿದ್ದು ನೋಡಬೇಕು, ಅಷ್ಟ. ನಾವಿಬ್ಬರೂ ಬೋರ್ಡ್ ಅಳತಿ ಮಾಡೂದ್ರಾಗ ಕುಂತ್ವಿ."

ನಬೀಸಾಬ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದು ಕೂತ.

"ಅಯ್ಯಣ್ಣಗ ಒಬ್ಬ ತಿಳಿದಾಂವ ಬೇಕಾಗ್ಯಾನ. ಈ ರಿಪೇರಿ ನಿನ್ನಂಗ ಯಾರಿಗೆ ಬರ್ತದ? ಬಾ" ಎಂದ. ಸ್ವಲ್ಪ ಹೊತ್ತು ಕಾದು, ನನ್ನ ಕಡೆ ನೋಡಿ, ಕೈ ಮುಗಿದು ಹೋದ.

ಮಠದಲ್ಲಿಯೂ ನನ್ನನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಜಯಾಬಾಯಿ ಪಂಚಗವ್ಯ ಕುಡಿದ ಸಿಟ್ಟನ್ನು ಇನ್ನೂ ಇಳಿಸಿಲ್ಲ. ಹಾಗಾಗಿ ಹೊರಗೆ ಹೋಗಲು ಮನಸ್ಸಿಲ್ಲ, ಒಳಗೆ ಇರಲು ಜಾಗವಿಲ್ಲ. ಮಾತಾಡುವವರು ಯಾರೂ ಇಲ್ಲದ ಮನೆಯಲ್ಲಿ ನನ್ನ ನಾಲಿಗೆ ನನಗೇ ಭಾರವಾಗಿದೆ. ಯಾರೂ ನನ್ನನ್ನು ಮುಟ್ಟುವುದಿಲ್ಲ. ಅದು ಹೇಗಿರುತ್ತದೆ ಎಂದು ನೀನು ಬರೆದಿದ್ದೆ. ಆಗ ಓದಿದ್ದೆ, ಅಷ್ಟೇ. ನನಗೆ ಅದು ವರ್ಷಗಟ್ಟಲೆಯ ರೂಢಿ. ಮಗನ ಮೌನ ಹೊಸದು.

ಒಂದೇ ಒಂದು ಕಂಡಿದ್ದೇನೆ. ನಿನ್ನ ಕಾರ್ಡು ಬಂದಾಗ ಅಂಚೆಯವನಿಂದ ಅವನೇ ಎದ್ದು ಹೋಗಿ ತೆಗೆದುಕೊಳ್ಳುತ್ತಾನೆ. ವಿಳಾಸ ಓದುತ್ತಾನೆ. ನನ್ನ ಹೆಸರು ಕಂಡು, ತಿರುವಿ ಕೂಡ ನೋಡದೆ ಕಿಟಕಿಯ ಮೇಲಿಟ್ಟು ಬಂದು ಮತ್ತೆ ಮಷಿನ್ನಿನ ಪಕ್ಕ ಕೂಡುತ್ತಾನೆ.

ಅವನನ್ನು ಕ್ಷಮಿಸು ಎಂದು ನಾನು ಹೇಳುವುದಿಲ್ಲ. ನನಗೆ ಆ ಅಧಿಕಾರವಿಲ್ಲ, ಅವನಿಗೂ ಅದು ಬೇಕಿಲ್ಲವೇನೋ. ನಮಸ್ಕಾರ ಮಾಡದೆ ಹೋದದ್ದು ತಪ್ಪು ಎಂದೂ ಹೇಳುವುದಿಲ್ಲ. ಆದರೆ ಅವನು ನನ್ನ ಮಾತಿಗೆ ಬಾಯಿ ತೆರೆಯುವುದಿಲ್ಲ, ನಬೀಸಾಬನ ಮಾತಿಗೂ ತೆರೆಯಲಿಲ್ಲ. ಉಳಿದವಳು ನೀನೊಬ್ಬಳು. ಆ ಹಲಗೆಯ ಸಲುವಾಗಿ ಬೈ, ಆ ಕೀಲಿಯ ಸಲುವಾಗಿ ಬೈ. ನನ್ನಿಂದ ಕಲಿತದ್ದೆಲ್ಲ ಸೇರಿಸಿ ಬೈ. ಬೈಸಿಕೊಂಡಾದರೂ ಉತ್ತರ ಕೊಡಬೇಕು ಎನಿಸಿ ಎದ್ದು ಕಾಗದ ಹುಡುಕಲಿ ಅವನು.

ಕಾಗದ ನನಗೆ ಬೇಡ. ಮೇಲೆ ಅವನ ಹೆಸರು ಬರಿ, ವಾದಿರಾಜ ಎಂದು ದೊಡ್ಡ ಅಕ್ಷರದಲ್ಲಿ ಬರಿ. ಮುಂದಿನ ತಿಂಗಳು ಹುಟ್ಟುವುದರೊಳಗೆ ಬರಿ.

ಅಜ್ಜಿ